ರಾಕೆಟ್ ಬಿಡುವ ಕಂಬಿ: ಎಷ್ಟು ದಪ್ಪ, ಎಷ್ಟು ಉದ್ದ?

ದೀಪಾವಳಿಯಲ್ಲಿ ರಾಕೆಟ್ ಬಿಡುವ ಮುಂಚೆ ನಾವೆಲ್ಲ ಹುಡುಕುವುದು ಒಂದು ಖಾಲಿ ಬಾಟಲಿ. ಅದರೊಳಗೆ ಕಡ್ಡಿ ಇಳಿಸಿ, ಬತ್ತಿಗೆ ಊದುಬತ್ತಿ ತಾಗಿಸಿ ಹಿಂದಕ್ಕೆ ಓಡುತ್ತೇವೆ. ಕಡ್ಡಿ ಮುರಿದ ರಾಕೆಟ್ಟನ್ನು ಹಚ್ಚಿದರೆ ಏನಾಗುತ್ತದೆ ಎಂದೂ ಗೊತ್ತು. ಅಂಗಳದ ತುಂಬ ಸುತ್ತಿ ಯಾರ ಕಾಲ ಬುಡಕ್ಕೋ ನುಗ್ಗುತ್ತದೆ. ಮದ್ದು ಅದೇ, ಕೊಳವೆ ಅದೇ. ದಾರಿ ಹಿಡಿಸುವುದು ಮಾತ್ರ ಇಲ್ಲ.

ನಮ್ಮ ಶಿವಮೊಗ್ಗ ಜಿಲ್ಲೆಗೆ ಈ ವಿಷಯ ಹೊಸದಲ್ಲ. ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಲ್ಲಿ 2018ರಲ್ಲಿ ಹಾಳು ಬಾವಿಯೊಂದನ್ನು ಅಗೆದಾಗ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕವು. ಒಂದೊಂದೂ ಸುಮಾರು ಒಂದು ಗೇಣು ಉದ್ದದ ಕಬ್ಬಿಣದ ಕೊಳವೆ. ಆ ಕಾಲದಲ್ಲಿ ಇಂಥ ಕೊಳವೆಗೆ ಆಳುದ್ದದ ಬಿದಿರು ಕಟ್ಟಿ ಬಿಡುತ್ತಿದ್ದರು. ದೀಪಾವಳಿ ರಾಕೆಟ್ಟಿನ ಕಡ್ಡಿಗೂ ಆ ಬಿದಿರಿಗೂ ಕೆಲಸ ಒಂದೇ: ಮೂತಿ ಮುಂದೆ, ಬಾಲ ಹಿಂದೆ ಇರುವಂತೆ ನೋಡಿಕೊಳ್ಳುವುದು.

ಹವ್ಯಾಸಕ್ಕೆ ಮಾಡುವ ಮಾದರಿ ರಾಕೆಟ್‌ಗೆ ಕಡ್ಡಿ ಇರುವುದಿಲ್ಲ. ಅದರ ಬದಲು ಬಾಲದಲ್ಲಿ ಮೂರೋ ನಾಲ್ಕೋ ರೆಕ್ಕೆ. ರೆಕ್ಕೆ ಕೆಲಸ ಮಾಡಬೇಕಾದರೆ ಅದರ ಮೇಲೆ ಗಾಳಿ ಹರಿಯಬೇಕು. ರಾಕೆಟ್ ಓಡದೆ ಗಾಳಿ ಹರಿಯುವುದಿಲ್ಲ. ಹೊತ್ತಿದ ಮೊದಲ ಕ್ಷಣದಲ್ಲಿ ವೇಗ ಸೊನ್ನೆ, ಆಗ ರೆಕ್ಕೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆ ಕ್ಷಣದಿಂದ ರೆಕ್ಕೆಗೆ ಬಲ ಬರುವ ತನಕ ರಾಕೆಟ್ಟನ್ನು ಸೀದಾ ಹಿಡಿದುಕೊಳ್ಳಲು ಒಂದು ಕಂಬಿ ಬೇಕು, ಇಲ್ಲವೇ ಹಳಿಯಂಥ ರೈಲು ಬೇಕು. ಎಲ್ಲ ಸೇರಿ ಕಾಲು ಸೆಕೆಂಡಿನೊಳಗೆ ಮುಗಿಯುವ ಕೆಲಸ. ಆದರೆ ರಾಕೆಟ್ ಎತ್ತ ಹೋಗುತ್ತದೆ ಎನ್ನುವುದು ತೀರ್ಮಾನವಾಗುವುದು ಅಷ್ಟರಲ್ಲೇ.

ಕಂಬಿ ಆರಿಸುವಾಗ ಹೆಚ್ಚಿನವರು ಮೊದಲು ಕೇಳುವುದು "ಎಷ್ಟು ಉದ್ದದ್ದು ತರಲಿ?" ಅಂತ. ನಾನು ಮೊದಲು ಕೇಳುವುದು ಬೇರೆ: ಕಂಬಿಯ ತುದಿ ಬಿಡುವಾಗ ನಿಮ್ಮ ರಾಕೆಟ್ಟಿನ ವೇಗ ಎಷ್ಟಿರುತ್ತದೆ? ಅದು ಗೊತ್ತಾದರೆ ಉದ್ದ ತಾನಾಗಿ ಗೊತ್ತಾಗುತ್ತದೆ. ಹವ್ಯಾಸಿಗಳು ಬಹಳ ಕಾಲದಿಂದ ಇಟ್ಟುಕೊಂಡಿರುವ ಅಂದಾಜು ಸೆಕೆಂಡಿಗೆ ಸುಮಾರು 13 ಮೀಟರ್, ಅಂದರೆ ಗಂಟೆಗೆ ಸುಮಾರು 47 ಕಿ.ಮೀ. ಸಣ್ಣ ಹಗುರ ರಾಕೆಟ್, ದೊಡ್ಡ ರೆಕ್ಕೆ, ಗಾಳಿ ಇಲ್ಲದ ಬೆಳಿಗ್ಗೆ ಇದ್ದರೆ 10ರ ಹತ್ತಿರವೂ ನಡೆಯುತ್ತದೆ. 5ರಲ್ಲಿ ಬಿಟ್ಟರೆ ನಡೆಯುವುದಿಲ್ಲ. ಯಾಕೆಂದರೆ ರೆಕ್ಕೆಯ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 13 ಮೀಟರ್ ವೇಗದಲ್ಲಿ ರೆಕ್ಕೆಗೆ ಸಿಗುವ ಬಲ 5 ಮೀಟರಿನಲ್ಲಿ ಸಿಗುವುದರ ಹೆಚ್ಚುಕಡಿಮೆ ಏಳು ಪಟ್ಟು.

ಲೆಕ್ಕ ಹೈಸ್ಕೂಲಿನದೇ. ಒಂದು ರಾಕೆಟ್ ಮೋಟಾರ್, ಅಂದರೆ ಮದ್ದು ತುಂಬಿದ ಕೊಳವೆ, ಸೇರಿ 100 ಗ್ರಾಂ ತೂಗುತ್ತದೆ ಎಂದುಕೊಳ್ಳಿ. ಕಂಬಿಯ ಮೇಲಿರುವಷ್ಟು ಹೊತ್ತು ಮೋಟಾರ್ ಸರಾಸರಿ 8 ನ್ಯೂಟನ್ ಬಲದಿಂದ ತಳ್ಳುತ್ತದೆ. ಅದರಲ್ಲಿ 1 ನ್ಯೂಟನ್ ರಾಕೆಟ್ಟಿನ ತೂಕ ಎತ್ತಲಿಕ್ಕೇ ಹೋಯಿತು. ಉಳಿದದ್ದು 7. ಅದನ್ನು 0.1 ಕೆ.ಜಿ.ಯಿಂದ ಭಾಗಿಸಿದರೆ ವೇಗವರ್ಧನೆ 70. ಇದನ್ನು ಕಂಬಿಯ ಉದ್ದದಿಂದ ಗುಣಿಸಿ, ಎರಡರಿಂದ ಗುಣಿಸಿ, ವರ್ಗಮೂಲ ತೆಗೆಯಿರಿ. ಕಂಬಿ 90 ಸೆಂ.ಮೀ. ಇದ್ದರೆ ಉತ್ತರ ಸೆಕೆಂಡಿಗೆ 11.2 ಮೀಟರ್.

ಇಲ್ಲಿ ಒಂದು ಕಡೆ ಎಲ್ಲರೂ ಎಡವುತ್ತಾರೆ. ಕಂಬಿ 90 ಸೆಂ.ಮೀ. ಇದೆ ಅಂದ ಮಾತ್ರಕ್ಕೆ ರಾಕೆಟ್ಟಿಗೆ ಅಷ್ಟೂ ಉದ್ದ ಸಿಗುವುದಿಲ್ಲ. ರಾಕೆಟ್ಟಿನ ಮೈಗೆ ಅಂಟಿಸಿದ ಸಣ್ಣ ಕೊಳವೆ, ಅದನ್ನು ಲಗ್ ಎನ್ನುತ್ತಾರೆ, ಕಂಬಿಯ ಮೇಲೆ ಜಾರುವುದು ಅದೇ. ಲಗ್ ತುದಿ ದಾಟಿತು ಅಂದರೆ ಕಂಬಿಯ ಕೆಲಸ ಮುಗಿಯಿತು. ಲಗ್ ನೆಲದ ತಟ್ಟೆಯಿಂದ 20 ಸೆಂ.ಮೀ. ಮೇಲಿದ್ದರೆ ನಿಮಗೆ ನಿಜಕ್ಕೂ ಸಿಗುವುದು 70 ಸೆಂ.ಮೀ. ಮಾತ್ರ. ವೇಗ 9.9ಕ್ಕೆ ಇಳಿಯಿತು. ಎರಡು ಲಗ್ ಇದ್ದರೆ ಮೇಲಿನದರಿಂದ ಅಳೆಯಬೇಕು. ಮೇಲಿನದು ಬಿಟ್ಟುಕೊಂಡ ಮೇಲೆ ಕೆಳಗಿನದೊಂದೇ ರಾಕೆಟ್ಟನ್ನು ನೆಟ್ಟಗೆ ಹಿಡಿಯಲಾರದು. ಬಾಗಿಲಿನ ಮೇಲಿನ ತಿರುಗಣಿ ಕಳಚಿದ ಹಾಗೆ.

ಹಾಗಾದರೆ ಕಂಬಿ ಉದ್ದ ಮಾಡೋಣ ಅನಿಸುತ್ತದೆ, ಅಲ್ವಾ? 30 ಸೆಂ.ಮೀ. ಸೇರಿಸಿದರೆ ಸಿಗುವ ಉದ್ದ ಒಂದು ಮೀಟರ್, ವೇಗ 11.8. ಈಗ ಕಂಬಿಯನ್ನು ಇದ್ದ ಹಾಗೇ ಬಿಟ್ಟು ರಾಕೆಟ್ಟಿನಿಂದ 30 ಗ್ರಾಂ ತೆಗೆಯಿರಿ. ಬಣ್ಣದ ಮೂರನೇ ಕೋಟು, ಬೇಡದ ಅಂಟು, ದಪ್ಪ ರಟ್ಟು, ಹೀಗೆ. 70 ಗ್ರಾಂ ರಾಕೆಟ್ ಅದೇ 70 ಸೆಂ.ಮೀ.ನಲ್ಲಿ 12.1 ಮೀಟರ್ ವೇಗ ಪಡೆಯುತ್ತದೆ. ಹಾರ್ಡ್‌ವೇರ್ ಅಂಗಡಿಗೆ ಹೋಗುವ ಮುಂಚೆ ಅಡುಗೆಮನೆಯ ತಕ್ಕಡಿಯ ಮೇಲೆ ರಾಕೆಟ್ ಇಟ್ಟು ನೋಡಿ ಎಂದು ನಾನು ಮಕ್ಕಳಿಗೆ ಹೇಳುವುದು ಇದಕ್ಕೇ. ಉದ್ದದಿಂದ ವೇಗ ಎರಡು ಪಟ್ಟಾಗಬೇಕಾದರೆ ಉದ್ದ ನಾಲ್ಕು ಪಟ್ಟಾಗಬೇಕು. ಆ ದಾರಿ ಬಹಳ ದೂರದ್ದು. ಮೋಟಾರಿನ ಬಲ ರಾಕೆಟ್ಟಿನ ತೂಕಕ್ಕಿಂತ ಕಡೇಪಕ್ಷ ಐದು ಪಟ್ಟು ಇರಬೇಕು ಎನ್ನುವ ಹಳೆಯ ನಿಯಮವನ್ನೂ ಮರೆಯಬೇಡಿ. ಅದಕ್ಕಿಂತ ಕಡಿಮೆ ಇದ್ದರೆ ಯಾವ ಕಂಬಿಯೂ ಕಾಪಾಡುವುದಿಲ್ಲ.

ಉದ್ದ ಮಾಡುವುದರಲ್ಲಿ ಇನ್ನೊಂದು ಅಪಾಯವಿದೆ. ಅದನ್ನು ನಾನು ಗದ್ದೆಯಲ್ಲಿ ನಿಂತು ಕಲಿತೆ.

ತೀರ್ಥಹಳ್ಳಿ ಕಡೆ ಅಕ್ಕನ ಮನೆ. ಒಂದು ಜನವರಿಯಲ್ಲಿ ಭತ್ತದ ಕೊಯ್ಲು ಮುಗಿದು ಗದ್ದೆ ಬಯಲಾಗಿತ್ತು. ಅಕ್ಕನ ಮಗಳು ತಾನೇ ಮಾಡಿದ್ದ ರಾಕೆಟ್ ತಂದಳು. ದೊಡ್ಡದು, 300 ಗ್ರಾಂ. ಮೋಟಾರಿನಲ್ಲಿ ಬಲ ಸಾಕಷ್ಟಿತ್ತು. ನನ್ನ ಹತ್ತಿರ ಇದ್ದದ್ದು 3.2 ಮಿ.ಮೀ. ದಪ್ಪದ ಕಂಬಿ, ಸಣ್ಣ ರಾಕೆಟ್‌ಗಳಿಗೆ ತಂದದ್ದು. ಉದ್ದ ಇದ್ದಷ್ಟೂ ಒಳ್ಳೆಯದು ಎಂದು ಅಳತೆ ಮಾಡದೆ ಅದನ್ನೇ ನಿಲ್ಲಿಸಿದೆ. ರಾಕೆಟ್ ಏರಿಸಿದಾಗಲೇ ಕಂಬಿ ಸ್ವಲ್ಪ ವಾಲಿತ್ತು. ನೋಡಿಯೂ ಸುಮ್ಮನಿದ್ದೆ. ಹೊತ್ತಿತು. ರಾಕೆಟ್ ಮೇಲೆ ಹೋಗುವ ಬದಲು ಓರೆಯಾಗಿ, ಪಕ್ಕದ ಅಡಿಕೆ ತೋಟದ ತಲೆಯ ಮೇಲೆ ಹಾದು, ಎಲ್ಲೋ ಸೋಗೆಗಳ ನಡುವೆ ಇಳಿಯಿತು. ನಾನು ತೋಟದ ಕಡೆ ನೋಡುತ್ತಿದ್ದೆ. ಅವಳು ನೋಡುತ್ತಿದ್ದದ್ದು ಕಂಬಿಯನ್ನು.

"ಮಾವ, ಕಂಬಿ ಇನ್ನೂ ಅಲ್ಲಾಡ್ತಾ ಇದೆ ನೋಡಿ."

ಹೌದು, ಅದರ ತುದಿ ಇನ್ನೂ ತೂಗುತ್ತಿತ್ತು. ರಾಕೆಟ್ ಏರುತ್ತ ಏರುತ್ತ ಕಂಬಿಯನ್ನು ಒಂದು ಪಕ್ಕಕ್ಕೆ ಬಗ್ಗಿಸಿದೆ, ಬಗ್ಗಿದ ಕಂಬಿ ವಾಪಸ್ಸು ಚಿಮ್ಮಿದೆ, ಚಿಮ್ಮಿದ ಕಡೆಗೇ ರಾಕೆಟ್ ಹೋಗಿದೆ. ದಾರಿ ತೋರಿಸಬೇಕಾದ ಕಂಬಿಯೇ ರಾಕೆಟ್ಟನ್ನು ಅಡ್ಡ ಎಸೆದಿತ್ತು.

ಮಲೆನಾಡಿನವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಅಡಿಕೆ ಕೊಯ್ಯುವ ದೋಟಿ ಹಿಡಿದವರಿಗೆಲ್ಲ ಗೊತ್ತು, ದೋಟಿ ಉದ್ದ ಆದಷ್ಟೂ ತುದಿ ಹೇಳಿದ ಮಾತು ಕೇಳುವುದಿಲ್ಲ. ಲೆಕ್ಕವೂ ಅದನ್ನೇ ಹೇಳುತ್ತದೆ. ಕಂಬಿಯ ಉದ್ದ ಎರಡು ಪಟ್ಟಾದರೆ ಅದೇ ಬಲಕ್ಕೆ ತುದಿ ಎಂಟು ಪಟ್ಟು ಜಾಸ್ತಿ ಬಗ್ಗುತ್ತದೆ. ದಪ್ಪದ ಲೆಕ್ಕ ಇದಕ್ಕಿಂತ ಜೋರು, ಆದರೆ ನಮ್ಮ ಪರವಾಗಿ. 3.2 ಮಿ.ಮೀ. ಕಂಬಿಯ ಬದಲು 4.8 ಮಿ.ಮೀ. ಹಾಕಿದರೆ ಗಡಸುತನ ಐದು ಪಟ್ಟು ಆಗುತ್ತದೆ. 6.4 ಹಾಕಿದರೆ ಹದಿನಾರು ಪಟ್ಟು. ಈ ಮೂರೂ ಅಳತೆಗಳು ಅಮೆರಿಕದ ಹವ್ಯಾಸಿಗಳು ಬಳಸುವ ಒಂದು ಇಂಚಿನ ಎಂಟನೇ ಒಂದು, ಹದಿನಾರನೇ ಮೂರು, ಕಾಲು ಇಂಚಿನ ಕಂಬಿಗಳು. ಕಿಟ್‌ಗಳ ಜೊತೆ ಬರುವ ಲಗ್‌ಗಳೂ ಇದೇ ಅಳತೆಗೆ ಇರುತ್ತವೆ. ಹಾಗಾಗಿ ಉದ್ದ ಜಾಸ್ತಿ ಮಾಡಿದರೆ ದಪ್ಪವೂ ಜಾಸ್ತಿ ಆಗಲೇಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಡಿ.

ನಾನು ಈಗ ಅನುಸರಿಸುವುದು ಇಷ್ಟು. 100ರಿಂದ 150 ಗ್ರಾಂ ತನಕ 3.2 ಮಿ.ಮೀ., 90 ಸೆಂ.ಮೀ. ಸಾಕು. 300 ಗ್ರಾಂ ತನಕ 5 ಮಿ.ಮೀ., 1.2 ಮೀಟರ್. ಅದರ ಮೇಲೆ 500 ಗ್ರಾಂ ತನಕ 6 ಮಿ.ಮೀ. ಕಂಬಿಯಲ್ಲಿ ನಡೆಯುತ್ತದೆ, ಆದರೆ ಮನಸ್ಸಿಗೆ ಸಮಾಧಾನ ಇರುವುದಿಲ್ಲ. 500 ದಾಟಿದರೆ ಕಂಬಿಯ ಮಾತು ಬಿಡಿ, ರೈಲು ತನ್ನಿ.

ಕಂಬಿ ಎಲ್ಲಿ ಸಿಗುತ್ತದೆ? ಶಿವಮೊಗ್ಗದಂಥ ಊರಿನಲ್ಲಿ ರಾಕೆಟ್ ಅಂಗಡಿ ಹುಡುಕುವುದು ಬೇಡ, ವೆಲ್ಡಿಂಗ್ ಸಾಮಾನು ಮಾರುವ ಅಂಗಡಿಗೆ ಹೋಗಿ. ಟಿಗ್ ವೆಲ್ಡಿಂಗಿಗೆ ಬಳಸುವ ಸ್ಟೇನ್‌ಲೆಸ್ ಸ್ಟೀಲ್ ಕಡ್ಡಿಗಳು ಒಂದು ಮೀಟರ್ ಉದ್ದಕ್ಕೆ ಬರುತ್ತವೆ, 3.2ರ ಹತ್ತಿರದ ದಪ್ಪವೂ ಇರುತ್ತದೆ. ಅದು ತುಕ್ಕು ಹಿಡಿಯುವುದಿಲ್ಲ. ನಮ್ಮ ಮಳೆಗಾಲಕ್ಕೆ ಅದೇ ದೊಡ್ಡ ಗುಣ. 5 ಮತ್ತು 6 ಮಿ.ಮೀ.ಗೆ ಲೇತ್ ಅಂಗಡಿಯವರ ಹತ್ತಿರ ನುಣುಪಾದ ಸ್ಟೀಲ್ ಸರಳು ಕೇಳಿ. ಮನೆ ಕಟ್ಟುವ ಕಬ್ಬಿಣ ಮಾತ್ರ ಬೇಡ. ಅದರ ಮೈಮೇಲೆ ಏಣುಗಳಿರುತ್ತವೆ, ಸುರುಳಿ ಬಿಚ್ಚಿ ಕೊಟ್ಟದ್ದಾದರೆ ಸೊಟ್ಟಗಿರುತ್ತದೆ. ಹಗುರ ಇದೆ ಅಂತ ಅಲ್ಯೂಮಿನಿಯಂ ಸರಳು ಕೊಳ್ಳುವವರೂ ಇದ್ದಾರೆ. ಅದೇ ದಪ್ಪದ ಅಲ್ಯೂಮಿನಿಯಂ ಸ್ಟೀಲಿಗಿಂತ ಸುಮಾರು ಮೂರು ಪಟ್ಟು ಜಾಸ್ತಿ ಬಗ್ಗುತ್ತದೆ.

ಕಂಬಿ ಸೀದಾ ಇದೆಯಾ ಅಂತ ಕಣ್ಣಿನಿಂದ ನೋಡಿದರೆ ಸಾಲದು. ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ಮಲಗಿಸಿ ಅಂಗೈಯಿಂದ ನಿಧಾನ ಉರುಳಿಸಿ. ಸೀದಾ ಇದ್ದರೆ ಒಂದೇ ಸಮನೆ ಸದ್ದು ಮಾಡುತ್ತ ಉರುಳುತ್ತದೆ. ಸೊಟ್ಟ ಇದ್ದರೆ ಟಕ್, ಟಕ್ ಎಂದು ಎದ್ದು ಬೀಳುತ್ತದೆ. ಮುಗ್ಗರಿಸಿದ ಕಡೆ ಕಂಬಿಯ ಕೆಳಗಿಂದ ಬೆಳಕು ಕಾಣಿಸುತ್ತದೆ. ಆಮೇಲೆ ಸ್ವಲ್ಪ ಹತ್ತಿ ತೆಗೆದುಕೊಂಡು ಕಂಬಿಯ ಉದ್ದಕ್ಕೂ ಒರೆಸಿ. ಎಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡು ನಿಲ್ಲುತ್ತದೋ ಅಲ್ಲಿ ಒಂದು ಮುಳ್ಳಿದೆ. ಬೆರಳಿಗೆ ಗೊತ್ತಾಗದಷ್ಟು ಸಣ್ಣದು, ಆದರೆ ಕಾಗದದ ಲಗ್ಗನ್ನು ಹಿಡಿದು ನಿಲ್ಲಿಸಲು ಅಷ್ಟು ಸಾಕು. ನುಣುಪಾದ ಉಪ್ಪುಕಾಗದದಿಂದ ನಾಲ್ಕು ಸಲ ಉಜ್ಜಿ, ಮತ್ತೆ ಹತ್ತಿ ಎಳೆಯಿರಿ.

ಲಗ್ ಅಂಟಿಸುವುದರಲ್ಲೂ ಕೈಚಳಕ ಇದೆ. ಎರಡು ಲಗ್ ಒಂದೇ ಗೆರೆಯಲ್ಲಿ ಇಲ್ಲದಿದ್ದರೆ ಕಂಬಿ ಅವುಗಳ ನಡುವೆ ಬಿಗಿಯುತ್ತದೆ. ರಾಕೆಟ್ಟಿನ ಕೊಳವೆಯನ್ನು ಬಾಗಿಲ ಚೌಕಟ್ಟಿನ ಮೂಲೆಗೆ ಒತ್ತಿ ಹಿಡಿದು, ಚೌಕಟ್ಟಿನ ಅಂಚಿಗೆ ಪೆನ್ಸಿಲ್ ಹಾಯಿಸಿದರೆ ನೆಟ್ಟಗಿನ ಗೆರೆ ಸಿಗುತ್ತದೆ. ಎರಡೂ ಲಗ್ಗನ್ನು ಕಂಬಿಗೆ ಪೋಣಿಸಿಕೊಂಡೇ ಆ ಗೆರೆಯ ಮೇಲೆ ಅಂಟಿಸಿ, ಅಂಟು ಒಣಗುವ ಮುಂಚೆ ಕಂಬಿ ಎಳೆದುಬಿಡಿ. ಲಗ್ ಸಿಗದಿದ್ದರೆ ಎಳನೀರು ಕುಡಿಯುವ ಸ್ಟ್ರಾ ಆಗುತ್ತದೆ. ಕಂಬಿಗಿಂತ ಅರ್ಧ ಮಿ.ಮೀ.ನಿಂದ ಒಂದು ಮಿ.ಮೀ. ಸಡಿಲ ಇರಲಿ. ಪರೀಕ್ಷೆ ಸುಲಭ: ಕಂಬಿ ನೆಟ್ಟಗೆ ನಿಲ್ಲಿಸಿ, ರಾಕೆಟ್ಟನ್ನು ತುದಿಯಿಂದ ಬಿಡಿ. ತನ್ನ ತೂಕಕ್ಕೆ ತಾನೇ ಕೆಳಗಿನ ತನಕ ಜಾರಿ ಬರಬೇಕು. ನಡುವೆ ಎಲ್ಲೇ ನಿಂತರೂ ಬಿಡಬೇಡಿ, ಕಾರಣ ಹುಡುಕಿ.

ಈಗ ರೈಲಿಗೆ ಬರೋಣ. ಅಲ್ಯೂಮಿನಿಯಂ ಪ್ರೊಫೈಲ್ ಅಂತ ಮಾರುತ್ತಾರೆ. ಚೌಕಾಕಾರದ ಉದ್ದ ತುಂಡು, ನಾಲ್ಕೂ ಮುಖದಲ್ಲಿ ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದಾದ ಗಾಡಿ, ಅಂದರೆ ಉದ್ದಕ್ಕೂ ಹೋಗುವ ಕಾಲುವೆಯಂಥ ತಗ್ಗು. ಥ್ರೀಡಿ ಪ್ರಿಂಟರಿನ ಚೌಕಟ್ಟು ಮಾಡುವುದು ಇದರಲ್ಲೇ. ರಾಕೆಟ್ಟಿನ ಮೈಗೆ ದಾರದ ರೀಲಿನ ಆಕಾರದ ಎರಡು ಬಟನ್ ಸ್ಕ್ರೂ ಹಾಕಿ ಕೂರಿಸುತ್ತಾರೆ. ಬಟನ್ನಿನ ತಲೆ ಗಾಡಿಯ ಹೊಟ್ಟೆಯಲ್ಲಿ, ಕುತ್ತಿಗೆ ಬಾಯಿಯಲ್ಲಿ. ರಾಕೆಟ್ ಮೇಲೆ ಜಾರಬಹುದು, ಪಕ್ಕಕ್ಕೆ ಬರಲಾರದು, ಸುತ್ತಲೂ ತಿರುಗಲಾರದು. ಕಂಬಿಯ ಮೇಲಾದರೆ ರಾಕೆಟ್ ಗಾಳಿಗೆ ತಿರುಗಿ, ರೆಕ್ಕೆ ಹೋಗಿ ಹೊತ್ತಿಸುವ ತಂತಿಗೆ ತಗಲುತ್ತದೆ. ರೈಲಿನಲ್ಲಿ ಆ ತಾಪತ್ರಯ ಇಲ್ಲ. ಮುಖ್ಯವಾದದ್ದು ಗಡಸುತನ. ಅಲ್ಯೂಮಿನಿಯಂ ಮೆದು ಲೋಹ ನಿಜ, ಆದರೆ ಲೋಹ ನಡುವಿನಿಂದ ದೂರ ಹರಡಿಕೊಂಡಷ್ಟೂ ಬಗ್ಗುವುದು ಕಷ್ಟ. ಅದಕ್ಕೇ 20 ಮಿ.ಮೀ. ಚೌಕದ ಪ್ರೊಫೈಲ್ ಎದುರು ನಮ್ಮ ತೆಳು ಕಂಬಿ ಹುಲ್ಲುಕಡ್ಡಿಯಂತೆ.

ಕೊಳ್ಳುವಾಗ ಒಂದು ಎಚ್ಚರಿಕೆ. ಅಮೆರಿಕದ ರೈಲುಗಳು ಒಂದು ಇಂಚು, ಒಂದೂವರೆ ಇಂಚಿನ ಅಳತೆಯವು. ಅಲ್ಲಿಂದ ಬರುವ ಬಟನ್‌ಗಳೂ ಆ ಗಾಡಿಗೇ ಮಾಡಿದವು. ನಮ್ಮಲ್ಲಿ ಸಿಗುವುದು 20, 30, 40 ಮಿ.ಮೀ. ಪ್ರೊಫೈಲ್. 20ರ ಗಾಡಿಯ ಬಾಯಿ ಸಾಮಾನ್ಯವಾಗಿ 6 ಮಿ.ಮೀ., ಅಮೆರಿಕದ ಒಂದು ಇಂಚಿನದು 6.5. ಅರ್ಧ ಮಿ.ಮೀ. ತಾನೇ ಅಂತ ಬಿಡುವ ಹಾಗಿಲ್ಲ, ಬಟನ್ ಒಳಗೇ ಹೋಗದಿರಬಹುದು. ಮೊದಲು ಪ್ರೊಫೈಲ್ ತನ್ನಿ, ಆಮೇಲೆ ಅದಕ್ಕೆ ಸರಿಯಾಗಿ ಬಟನ್ ಮಾಡಿಸಿ. ಕುತ್ತಿಗೆಗೆ 5 ಮಿ.ಮೀ. ನೈಲಾನ್ ಸ್ಪೇಸರ್, ತಲೆಗೆ ನೈಲಾನ್ ವಾಷರ್, ಹಿಡಿಯಲು 3 ಮಿ.ಮೀ. ಸ್ಕ್ರೂ ಇದ್ದರೆ ಮನೆಯಲ್ಲೇ ಆಗುತ್ತದೆ. ಒಂದು ಬಟನ್ ಬಾಲದ ಹತ್ತಿರ, ಇನ್ನೊಂದು ರಾಕೆಟ್ ತೂಗಿ ನಿಲ್ಲುವ ನಡುಬಿಂದುವಿನ ಹತ್ತಿರ. ಮೂತಿಯ ತನಕ ಎತ್ತರಕ್ಕೆ ಹಾಕಿದರೆ ಆಗಲೇ ಹೇಳಿದ ಹಾಗೆ ಸಿಗುವ ಉದ್ದವೇ ಕಡಿಮೆಯಾಗುತ್ತದೆ. ಕಿಟಕಿಯ ಸ್ಲೈಡಿಂಗ್ ಚಾನೆಲ್ಲೋ ಪರದೆಯ ಪಟ್ಟಿಯೋ ಸಾಕಲ್ಲ ಎಂದು ಕೇಳುವವರಿದ್ದಾರೆ. ಸಾಲದು. ತೆಳು ತಗಡು, ಅಗಲ ಬಾಯಿ, ಬಟನ್ ಒಳಗೆ ಗಲಗಲ ಅನ್ನುತ್ತದೆ.

ಮೂರು ಸರಳುಗಳ ನಡುವೆ ರಾಕೆಟ್ಟನ್ನು ನಿಲ್ಲಿಸುವ ಟವರ್ ಎನ್ನುವುದೂ ಇದೆ. ಲಗ್ಗೂ ಬೇಡ, ಬಟನ್ನೂ ಬೇಡ, ಹಾಗಾಗಿ ಗಾಳಿಯ ತಡೆ ಕಡಿಮೆ. ಎತ್ತರದ ಪಂದ್ಯಕ್ಕೆ ಒಳ್ಳೆಯದು. ಶುರು ಮಾಡುವವರಿಗೆ ನಾನು ಹೇಳುವುದಿಲ್ಲ, ಮೂರನ್ನೂ ಸಮ ಹೊಂದಿಸುವುದರಲ್ಲೇ ದಿನ ಹೋಗುತ್ತದೆ.

ಇನ್ನು ಗಾಳಿ. ರಾಕೆಟ್ 10 ಮೀಟರ್ ವೇಗದಲ್ಲಿ ಕಂಬಿ ಬಿಡುತ್ತಿದೆ, ಪಕ್ಕದಿಂದ 3 ಮೀಟರ್ ಗಾಳಿ ಇದೆ ಎನ್ನಿ. ರೆಕ್ಕೆಗೆ ಗಾಳಿ ಬರುತ್ತಿರುವುದು ಮೇಲಿನಿಂದಲ್ಲ, 17 ಡಿಗ್ರಿ ಓರೆಯಿಂದ. ಅದು ಗಾಳಿಯ ಕಡೆಗೆ ಮೂತಿ ತಿರುಗಿಸುತ್ತದೆ. 15 ಮೀಟರ್ ವೇಗ ಇದ್ದಿದ್ದರೆ ಅದೇ ಗಾಳಿ 11 ಡಿಗ್ರಿ. ಕಂಬಿ ಬಿಡುವ ವೇಗ ಗಾಳಿಯ ನಾಲ್ಕು ಪಟ್ಟಾದರೂ ಇರಲಿ ಎನ್ನುವುದು ಒಳ್ಳೆಯ ಅಂದಾಜು. ಮಲೆನಾಡಿನಲ್ಲಿ ಗಾಳಿಯ ಅಂದಾಜು ತಪ್ಪುವುದು ಸುಲಭ. ತೋಟದ ಮರೆಯ ಗದ್ದೆಯಲ್ಲಿ ನಿಂತರೆ ಎಲೆಯೂ ಅಲ್ಲಾಡುವುದಿಲ್ಲ. ತಲೆ ಎತ್ತಿ ಅಡಿಕೆ ಮರದ ತುದಿ ನೋಡಿ. ಸೋಗೆ ತೂಗುತ್ತಿದ್ದರೆ ರಾಕೆಟ್ಟಿಗೆ ಸಿಗುವುದು ಆ ಗಾಳಿ. ಇಬ್ಬನಿ ಆರಿ, ಬಿಸಿಲು ಏರುವ ಮುಂಚಿನ ಹೊತ್ತು ನನಗೆ ಇಷ್ಟ. ಕಂಬಿಯನ್ನು ಜನ ಇಲ್ಲದ ಕಡೆಗೆ ಐದಾರು ಡಿಗ್ರಿ ವಾಲಿಸಿ. 30 ಡಿಗ್ರಿ ದಾಟುವ ಹಾಗೇ ಇಲ್ಲ, ದಾಟಿದರೆ ಅದು ಮೇಲೆ ಬಿಡುವುದಲ್ಲ, ಊರಿನ ಮೇಲೆ ಬಿಡುವುದು.

ಬುಡ ಅಲ್ಲಾಡಿದರೆ ಇಷ್ಟೆಲ್ಲ ಲೆಕ್ಕ ನೀರಿನಲ್ಲಿ ಹೋಮ ಮಾಡಿದಂತೆ. ಗದ್ದೆಯ ಮಣ್ಣಿಗೆ ಕಂಬಿ ಚುಚ್ಚಿ ನಿಲ್ಲಿಸಬೇಡಿ, ದಪ್ಪ ಹಲಗೆಗೆ ಬಿಗಿಸಿ, ಹಲಗೆಯ ಮೇಲೆ ಕಲ್ಲು ಹೇರಿ. ಬೆಂಕಿ ತಾಗುವ ಕಡೆ ಕಬ್ಬಿಣದ ತಗಡು ಇರಲಿ. ಕೊಯ್ದ ಗದ್ದೆಯ ಕೂಳೆ ಒಣಗಿದ ಹುಲ್ಲು ಎನ್ನುವುದು ನೆನಪಿರಲಿ. ಸುತ್ತ ಎರಡು ಮಾರು ಕೆರೆದು, ನೀರಿನ ಕೊಡ ಪಕ್ಕದಲ್ಲಿಟ್ಟುಕೊಳ್ಳಿ. ಸಣ್ಣ ಮೋಟಾರಿಗೆ 5 ಮೀಟರ್, ದೊಡ್ಡದಕ್ಕೆ 9 ಮೀಟರಾದರೂ ದೂರ ನಿಲ್ಲಿ. ಮೋಟಾರನ್ನು ಮಾತ್ರ ಮನೆಯಲ್ಲಿ ತಯಾರಿಸಲು ಹೋಗಬೇಡಿ. ಅದು 1884ರ ಸ್ಫೋಟಕ ಕಾಯ್ದೆಗೆ ಸೇರುವ ವಿಷಯ, ಬೆರಳು ಕಣ್ಣು ಹೋಗುವ ವಿಷಯವೂ ಹೌದು. 2023ರಿಂದ ಶಿವಮೊಗ್ಗ ಹತ್ತಿರದ ಸೋಗಾನೆಯಲ್ಲಿ ವಿಮಾನ ಇಳಿಯುತ್ತಿದೆ, ಆ ಸುತ್ತಮುತ್ತ ಈ ಹವ್ಯಾಸ ಬೇಡವೇ ಬೇಡ. ಬೇರೆ ಕಡೆಯಾದರೂ ಮೊದಲೇ ಪೊಲೀಸ್ ಠಾಣೆಗೆ ತಿಳಿಸಿ, ಗದ್ದೆಯವರನ್ನು ಕೇಳಿಯೇ ಬಿಡಿ.

ಕಣ್ಣಿನ ಮಾತು ಬಂತಲ್ಲ, ನನಗೆ ಅತ್ಯಂತ ಭಯ ಇರುವುದು ಹಾರುವ ರಾಕೆಟ್ಟಿನ ಬಗ್ಗೆ ಅಲ್ಲ, ನಿಂತ ಕಂಬಿಯ ಬಗ್ಗೆ. 90 ಸೆಂ.ಮೀ. ಕಂಬಿ ಹಲಗೆಯ ಮೇಲೆ ನಿಂತರೆ ಅದರ ತುದಿ ಬಗ್ಗಿದ ಮಗುವಿನ ಕಣ್ಣಿನ ಎತ್ತರಕ್ಕೆ ಸರಿಯಾಗಿ ಬರುತ್ತದೆ. ತುದಿಯ ಕಡೆಯಿಂದ ನೋಡಿದರೆ ತೆಳು ಕಂಬಿ ಕಾಣಿಸುವುದೇ ಇಲ್ಲ. ತಂತಿ ಸಿಕ್ಕಿಸಲು ಎಲ್ಲರೂ ಬಗ್ಗುತ್ತಾರೆ. ಹಾಗಾಗಿ ಕಂಬಿ ನಿಲ್ಲಿಸಿದ ಕೂಡಲೇ ಅದರ ತುದಿಗೆ ಹಳೆಯ ಟೆನಿಸ್ ಚೆಂಡು ಚುಚ್ಚಿ. ಎಲ್ಲ ಕೆಲಸ ಮುಗಿದು, ಎಲ್ಲರೂ ದೂರ ಹೋದ ಮೇಲೆ ಒಬ್ಬರೇ ಬಂದು ಚೆಂಡು ತೆಗೆಯಬೇಕು. ನಮ್ಮಲ್ಲಿ ಆ ಕೆಲಸ ಈಗ ಅಕ್ಕನ ಮಗಳದ್ದು. ಚೆಂಡು ಅವಳ ಕೈಯಲ್ಲಿ ಕಾಣುವ ತನಕ ರಾಕೆಟ್ ಹೊತ್ತಿಸುವ ಬ್ಯಾಟರಿಯ ಬೀಗದ ಕೈ ನನ್ನ ಜೇಬಿನಲ್ಲೇ ಇರುತ್ತದೆ.

ಪ್ರತಿ ಸಲ ಬಿಟ್ಟ ಮೇಲೆ ಕಂಬಿಗೆ ಕಪ್ಪು ಮಸಿ ಮೆತ್ತಿಕೊಳ್ಳುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿ. ಮಳೆಗಾಲಕ್ಕೆ ಎತ್ತಿಡುವಾಗ ಹೊಲಿಗೆ ಯಂತ್ರದ ಎಣ್ಣೆ ಸವರಿ ಕಾಗದ ಸುತ್ತಿ, ಅಟ್ಟದ ಮೇಲೆ ಮಲಗಿಸಿಡಿ. ಗೋಡೆಗೆ ಒರಗಿಸಿಡಬೇಡಿ. ಸುಗ್ಗಿ ಮುಗಿದು ಮತ್ತೆ ಇಳಿಸಿದ ದಿನ ಆ ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆದು, ಗ್ರಾನೈಟ್ ಕಟ್ಟೆಯ ಮೇಲೆ ಇನ್ನೊಮ್ಮೆ ಉರುಳಿಸಿ ನೋಡಿ.